ಹಳೇ ಆಂಟಿವೈರಸ್ ಬಿಟ್ಟುಹೋದ ಬಾಕಿ, ಆಟೋರನ್ಸ್ ಮತ್ತು ಸತ್ತುಹೋದ ನನ್ನ ಕೀಬೋರ್ಡ್

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆ, ತಿಥಿ ಕಾರ್ಡು, ಪಹಣಿ ಪ್ರಿಂಟು, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಇಂಥವೇ ಕೆಲಸ. ಎರಡು ಕಂಪ್ಯೂಟರ್ ಇವೆ. ಎರಡಕ್ಕೂ ಮೂರು ವರ್ಷದ ಲೈಸೆನ್ಸ್ ಇರುವ ಆಂಟಿವೈರಸ್ ಹಾಕಿಸಿದ್ದೆ. ಮೊದಲನೆಯದರ ಲೈಸೆನ್ಸ್ ಮುಗಿದ ದಿನದಿಂದ ಪರದೆಯ ಬಲಮೂಲೆಯಲ್ಲಿ ಗಂಟೆಗೊಂದು ಕೆಂಪು ಡಬ್ಬಿ: ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಈಗಲೇ ದುಡ್ಡು ಕಟ್ಟಿ. ಎದುರಿಗೆ ಕೂತ ಗಿರಾಕಿಗೂ ಅದು ಕಾಣುತ್ತದೆ. ಒಬ್ಬ ಅಜ್ಜ ಕೇಳಿಯೇಬಿಟ್ಟರು, "ಏನವ್ವ, ನನ್ನ ಆಧಾರ್‌ಗೆ ಏನೂ ಆಗಲ್ಲ ತಾನೆ?"

ಅವತ್ತೇ ತೆಗೆದುಹಾಕುವುದು ಅಂತ ತೀರ್ಮಾನಿಸಿದೆ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್‌ನದೇ ಆಂಟಿವೈರಸ್ ಡಿಫೆಂಡರ್ ಪುಕ್ಕಟೆ ಬರುತ್ತದೆ, ನನ್ನ ಅಂಗಡಿಗೆ ಅದು ಸಾಕು. ಸೆಟ್ಟಿಂಗ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಒತ್ತಿದೆ. ಯಾಕೆ ಬಿಟ್ಟು ಹೋಗ್ತೀರಿ ಅಂತ ಕೇಳಿತು, ಅರ್ಧ ಬೆಲೆಗೆ ಕೊಡ್ತೀನಿ ಅಂದಿತು, ಕೊನೆಗೆ ರೀಸ್ಟಾರ್ಟ್ ಮಾಡಿಸಿತು. ಹೋಯಿತು ಅಂದುಕೊಂಡೆ. ಎಲ್ಲಿ ಹೋಯಿತು!

ಕೆಂಪು ಡಬ್ಬಿ ನಿಂತಿದ್ದು ನಿಜ. ಆದರೆ ಯಾವುದಾದರೂ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಮೆನು ಬಿಚ್ಚಲು ಏಳೆಂಟು ಸೆಕೆಂಡ್. ಬಿಚ್ಚಿದಾಗ ಅದರಲ್ಲಿ 'ಸ್ಕ್ಯಾನ್ ಮಾಡು' ಎಂಬ ಹಳೇ ಸಾಲು ಇನ್ನೂ ಕೂತಿತ್ತು. ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್‌ನಲ್ಲಿ ಕಂಪನಿಯ ಫೋಲ್ಡರ್ ಹಾಗೇ ಇತ್ತು. ಡಿಲೀಟ್ ಮಾಡಹೋದರೆ ನಿಮಗೆ ಅನುಮತಿ ಇಲ್ಲ ಎಂಬ ಉತ್ತರ. ನನ್ನ ದುಡ್ಡು, ನನ್ನ ಕಂಪ್ಯೂಟರ್, ನನಗೇ ಅನುಮತಿ ಇಲ್ಲ! ಮರೆಯಾಗಿರುವ ಪ್ರೋಗ್ರಾಂ ಡೇಟಾ ಫೋಲ್ಡರ್ ತೆರೆದು ನೋಡಿದರೆ ಅಲ್ಲಿ ಇನ್ನೂ 2.7 ಜಿಬಿ.

ಇವೆಲ್ಲ ಸಹಿಸಬಹುದು. ಸಹಿಸಲಾಗದ್ದು ಬೇರೆ ಇತ್ತು. ವಿಂಡೋಸ್ ಸೆಕ್ಯೂರಿಟಿ ತೆರೆದರೆ ಈ ಕಂಪ್ಯೂಟರನ್ನು ಅದೇ ಹಳೇ ಆಂಟಿವೈರಸ್ ಕಾಯುತ್ತಿದೆ ಅಂತ ತೋರಿಸುತ್ತಿತ್ತು. ಡಿಫೆಂಡರ್ ಎದ್ದೇ ಇರಲಿಲ್ಲ. ಇದರ ಕಾರಣ ಸರಳ. ಬೇರೆ ಆಂಟಿವೈರಸ್ ಒಂದು ಬಂದು ಸೆಕ್ಯೂರಿಟಿ ಸೆಂಟರ್‌ನಲ್ಲಿ ಹೆಸರು ಬರೆಸಿದ ಕೂಡಲೇ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಇಬ್ಬರು ಕಾವಲುಗಾರರು ಒಂದೇ ಬಾಗಿಲಲ್ಲಿ ಜಗಳ ಆಡಬಾರದಲ್ವಾ? ಹೋಗುವಾಗ ಹಳಬ ಆ ಹೆಸರನ್ನು ಹೊಡೆಸಿ ಹೋಗಬೇಕು. ನನ್ನದು ಹೊಡೆಸಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಆಳು ಇಲ್ಲ. ಹಾಗೆ ಎಷ್ಟು ದಿನ ಬಾಗಿಲು ತೆರೆದೇ ಇತ್ತೋ, ಬರುವವರ ಪೆನ್ ಡ್ರೈವ್‌ಗಳನ್ನೆಲ್ಲ ನಾನು ಅದಕ್ಕೇ ಚುಚ್ಚುತ್ತಿದ್ದೆ.

ಊರಿನ ಒಬ್ಬ ಕಂಪ್ಯೂಟರ್ ರಿಪೇರಿಯವರನ್ನು ಕೇಳಿದೆ. ನೋಡಲೂ ಇಲ್ಲ, "ಫಾರ್ಮ್ಯಾಟ್ ಮಾಡಿಬಿಡೋಣ ಮೇಡಂ, 700 ರೂಪಾಯಿ" ಅಂದರು. 700 ಜಾಸ್ತಿ ಅಲ್ಲ. ಆದರೆ ನುಡಿ, ನೂರಾರು ಕನ್ನಡ ಫಾಂಟ್, ಹಳೇ ಪ್ರಿಂಟರ್‌ನ ಡ್ರೈವರ್, ಹತ್ತು ವರ್ಷದ ಲಗ್ನಪತ್ರಿಕೆ ಮಾದರಿ, ಇವನ್ನೆಲ್ಲ ಮತ್ತೆ ಕೂಡಿಸಲು ನನಗೆ ವಾರ ಬೇಕು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವುದು ಅಂದರೆ ಇದೇ. ನಾನೇ ಕೂತೆ. ಎರಡು ರಾತ್ರಿ ಹಿಡಿಯಿತು. ಈ ವಿಮರ್ಶೆ ಮುಖ್ಯವಾಗಿ ಆ ಎರಡನೇ ರಾತ್ರಿ ಬಳಸಿದ ಆಟೋರನ್ಸ್ ಎಂಬ ಪುಕ್ಕಟೆ ಸಾಧನದ ಬಗ್ಗೆ. ಆದರೆ ಮೊದಲ ರಾತ್ರಿಯ ಕಥೆ ಹೇಳದೆ ಅದು ಅರ್ಥವಾಗುವುದಿಲ್ಲ.

ಮೊದಲು ತಿಳಿದುಕೊಳ್ಳಬೇಕಾದ್ದು: ದೊಡ್ಡ ಆಂಟಿವೈರಸ್ ಕಂಪನಿಗಳು ತಮ್ಮದನ್ನು ಪೂರ್ತಿ ಕೀಳಲು ಬೇರೆಯದೇ ಒಂದು ಸಣ್ಣ ಪ್ರೋಗ್ರಾಂ ಕೊಡುತ್ತವೆ. ಮ್ಯಾಕಫಿ, ನಾರ್ಟನ್, ಅವಾಸ್ಟ್, ಕ್ಯಾಸ್ಪರ್‌ಸ್ಕಿ, ಇಸೆಟ್, ಇವರೆಲ್ಲರ ಹತ್ತಿರ ಅಂಥದ್ದಿದೆ. ಅಂದರೆ ಸಾಧಾರಣ ಅನ್‌ಇನ್‌ಸ್ಟಾಲ್ ಸಾಲದೆ ಹೋಗಬಹುದು ಅಂತ ಅವರಿಗೇ ಗೊತ್ತು. ನನ್ನ ಆಂಟಿವೈರಸ್‌ನ ಹೆಸರು ಇಲ್ಲಿ ಬೇಡ, ಅದಕ್ಕೂ ಅಂಥದ್ದೊಂದು ಇತ್ತು. ಡೌನ್‌ಲೋಡ್ ಮಾಡುವಾಗ ಕಂಪನಿಯ ಸ್ವಂತ ತಾಣದಿಂದಲೇ ಮಾಡಿ. ಬೇರೆ ಕಡೆಯಿಂದ ತಂದರೆ ಒಂದನ್ನು ಕಳೆಯಲು ಹೋಗಿ ಇನ್ನೊಂದನ್ನು ಮನೆಗೆ ಕರೆತಂದ ಹಾಗೆ.

ಇದನ್ನು ಸೇಫ್ ಮೋಡ್‌ನಲ್ಲಿ, ಅಂದರೆ ವಿಂಡೋಸ್ ತೀರಾ ಬೇಕಾದ್ದನ್ನು ಮಾತ್ರ ಎಬ್ಬಿಸುವ ಸ್ಥಿತಿಯಲ್ಲಿ, ಓಡಿಸಬೇಕು. ಆಂಟಿವೈರಸ್ ತನ್ನನ್ನು ತಾನು ಕಾಯ್ದುಕೊಳ್ಳುತ್ತದೆ. ವೈರಸ್ ಬಂದು ಮೊದಲು ಕಾವಲುಗಾರನನ್ನೇ ಕೊಲ್ಲಬಾರದು ಅಂತ ಈ ವ್ಯವಸ್ಥೆ. ಪಾಪ, ಕೀಳುತ್ತಿರುವುದು ಯಜಮಾನಿಯೇ ಅಂತ ಅದಕ್ಕೆ ತಿಳಿಯುವುದಿಲ್ಲ. ಸೇಫ್ ಮೋಡ್‌ನಲ್ಲಿ ಅದರ ಹೆಚ್ಚಿನ ಭಾಗ ಏಳುವುದೇ ಇಲ್ಲ. ಶಿಫ್ಟ್ ಕೀ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟರೆ ನೀಲಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ಮತ್ತೆ ರೀಸ್ಟಾರ್ಟ್, ಆಮೇಲೆ 4. ಹೋಗುವ ಮೊದಲು ಎರಡು ಮಾತು. ಸೇಫ್ ಮೋಡ್‌ನಲ್ಲಿ ಕೆಲವೊಮ್ಮೆ ಪಿನ್ ನಡೆಯುವುದಿಲ್ಲ, ಅಕೌಂಟಿನ ಪಾಸ್‌ವರ್ಡ್ ನೆನಪಿರಲಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಆಗಿದ್ದರೆ ರಿಕವರಿ ಕೀ ಕೇಳಬಹುದು, ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಕಂಪನಿಯ ಪ್ರೋಗ್ರಾಂ ಹನ್ನೆರಡು ನಿಮಿಷ ಓಡಿ, ಎಲ್ಲ ಮುಗಿಯಿತು ಅಂದಿತು. ರೀಸ್ಟಾರ್ಟ್ ಮಾಡಿದೆ. ಪ್ರೋಗ್ರಾಂ ಫೈಲ್ಸ್‌ನ ಫೋಲ್ಡರ್ ಹೋಗಿತ್ತು. ಸೆಕ್ಯೂರಿಟಿ ಸೆಂಟರ್‌ನಲ್ಲಿ ಹೆಸರೂ ಹೋಗಿತ್ತು, ಡಿಫೆಂಡರ್ ಎದ್ದು ಹಸಿರು ಟಿಕ್ ತೋರಿಸಿತು. 2.7 ಜಿಬಿಯೂ ಖಾಲಿ. ಖುಷಿಯಾಯಿತು. ಮರುದಿನ ಬೆಳಿಗ್ಗೆ ಕೊಬ್ಬರಿ ಮಂಡಿಯವರೊಬ್ಬರು ಬಂದು ತಮ್ಮ ಲೆಕ್ಕದ ಎಕ್ಸೆಲ್ ಫೈಲ್ ಕೇಳುವ ತನಕ.

ಆ ಫೈಲ್‌ನಲ್ಲಿ ಮ್ಯಾಕ್ರೋ, ಅಂದರೆ ಫೈಲ್‌ನೊಳಗೇ ಓಡುವ ಸಣ್ಣ ಪ್ರೋಗ್ರಾಂ, ಇತ್ತು. ಆಂಟಿವೈರಸ್ ಅದನ್ನು ಯಾವಾಗಲೋ ಅನುಮಾನದ ಮೇಲೆ ಕ್ವಾರಂಟೈನ್‌ಗೆ, ಅಂದರೆ ತನ್ನ ಬಂದೀಖಾನೆಗೆ, ಹಾಕಿತ್ತು. ನನಗೆ ಗೊತ್ತಿತ್ತು, ಆಮೇಲೆ ಬಿಡಿಸೋಣ ಅಂತ ಸುಮ್ನೆ ಬಿಟ್ಟಿದ್ದೆ. ಆ 2.7 ಜಿಬಿಯಲ್ಲಿ ಅದೂ ಇತ್ತು. ಫೋಲ್ಡರನ್ನು ಮೊದಲೇ ನಕಲು ಮಾಡಿಟ್ಟಿದ್ದರೂ ಉಪಯೋಗ ಇರುತ್ತಿರಲಿಲ್ಲ. ಕ್ವಾರಂಟೈನ್‌ನಲ್ಲಿ ಫೈಲ್ ಇದ್ದ ಹಾಗೇ ಇರುವುದಿಲ್ಲ. ಅದು ಓಡಬಾರದು ಅಂತ ಗುಪ್ತಲಿಪಿಗೆ ತಿರುಗಿಸಿ ಇಟ್ಟಿರುತ್ತಾರೆ, ಬಿಡಿಸಲು ಅದೇ ಆಂಟಿವೈರಸ್ ಬೇಕು. ಮಂಡಿಯವರ ಮಗ ಹಳೇ ಇಮೇಲ್‌ನಲ್ಲಿ ಒಂದು ಪ್ರತಿ ಹುಡುಕಿ ಕೊಟ್ಟ, ಬಚಾವಾದೆ. ನೀವು ಮಾತ್ರ ಅನ್‌ಇನ್‌ಸ್ಟಾಲ್ ಒತ್ತುವ ಮೊದಲೇ ಕ್ವಾರಂಟೈನ್ ತೆರೆದು ನೋಡಿ. ಯಾರೂ ಇದನ್ನು ಹೇಳುವುದಿಲ್ಲ.

ರೈಟ್ ಕ್ಲಿಕ್ ಮಾತ್ರ ಇನ್ನೂ ನಿಧಾನ. ಅಲ್ಲಿಗೆ ಎಲ್ಲ ಹೋಗಿಲ್ಲ ಅಂತ ಗೊತ್ತಾಯಿತು.

ನಡುವೆ ರೆವೋ ಅನ್‌ಇನ್‌ಸ್ಟಾಲರ್‌ನ ಪುಕ್ಕಟೆ ಆವೃತ್ತಿಯನ್ನೂ ನೋಡಿದೆ. ಒಳ್ಳೆಯ ಸಾಧನ. ಆದರೆ ಅದನ್ನು ಮೊದಲಿನಿಂದಲೇ ಬಳಸಬೇಕು. ಅದು ತಾನೇ ಅನ್‌ಇನ್‌ಸ್ಟಾಲ್ ಓಡಿಸಿ, ಮುಗಿದ ಮೇಲೆ ಬಾಕಿ ಹುಡುಕುತ್ತದೆ. ನಾನು ಹೋಗುವ ಹೊತ್ತಿಗೆ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ನನ್ನ ತಪ್ಪು, ರೆವೋದ್ದಲ್ಲ.

ಈಗ ಆಟೋರನ್ಸ್. ಇದು ಸಿಸ್‌ಇಂಟರ್ನಲ್ಸ್ ಎಂಬ ಸಾಧನಗಳ ಗುಂಪಿನದು. 1996ರಲ್ಲಿ ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಎಂಬ ಇಬ್ಬರು ಶುರು ಮಾಡಿದ್ದು. 2006ರಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. ಅಂದಿನಿಂದ ಮೈಕ್ರೋಸಾಫ್ಟ್ ತಾಣದಲ್ಲೇ ಸಿಗುತ್ತದೆ, ಒಂದು ಪೈಸೆ ಇಲ್ಲ, ಕೆಲವೇ ಎಂಬಿಯ ಜಿಪ್ ಫೈಲ್. ಇನ್‌ಸ್ಟಾಲ್ ಮಾಡುವ ಗೋಜೂ ಇಲ್ಲ. ಬಿಚ್ಚಿ, ಆಟೋರನ್ಸ್64 ಮೇಲೆ ರೈಟ್ ಕ್ಲಿಕ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೆ ಆಯಿತು. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸದಿದ್ದರೆ ಅಳಿಸಬೇಕಾದ್ದನ್ನು ಅಳಿಸಲು ಬಿಡುವುದಿಲ್ಲ.

ಅದು ಮಾಡುವ ಕೆಲಸ ಒಂದೇ. ಕಂಪ್ಯೂಟರ್ ಆನ್ ಆದಾಗ ಮತ್ತು ನೀವು ಒಳಗೆ ಬಂದಾಗ ತಾನಾಗಿ ಏಳುವ ಪ್ರತಿಯೊಂದನ್ನೂ ಪಟ್ಟಿ ಮಾಡಿ ಮುಂದಿಡುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ನನಗೆ ಒಂಬತ್ತು ಹೆಸರು ಕಾಣುತ್ತಿದ್ದವು. ಇಲ್ಲಿ ಸ್ಕ್ರೋಲ್ ಮಾಡಿ ಮಾಡಿ ಬೆರಳು ನೋವು ಬಂತು. ಲಾಗನ್, ಎಕ್ಸ್‌ಪ್ಲೋರರ್, ಶೆಡ್ಯೂಲ್ಡ್ ಟಾಸ್ಕ್ಸ್, ಸರ್ವೀಸಸ್, ಡ್ರೈವರ್ಸ್, ವಿನ್‌ಸಾಕ್, ಡಬ್ಲ್ಯುಎಂಐ ಅಂತ ಮೇಲೆ ಟ್ಯಾಬ್‌ಗಳ ಸಾಲೇ ಇದೆ. ಮೊದಲು ಆಪ್ಷನ್ಸ್‌ನಲ್ಲಿ 'ಹೈಡ್ ಮೈಕ್ರೋಸಾಫ್ಟ್ ಎಂಟ್ರೀಸ್' ಒತ್ತಿ. ವಿಂಡೋಸ್‌ನ ಸ್ವಂತದ್ದೆಲ್ಲ ಮರೆಯಾಗಿ ಹೊರಗಿನವರು ಮಾತ್ರ ಉಳಿಯುತ್ತಾರೆ. ಮೇಲಿನ ಫಿಲ್ಟರ್ ಡಬ್ಬಿಯಲ್ಲಿ ನಾನು ಕಂಪನಿಯ ಹೆಸರಿನ ಮೊದಲ ನಾಲ್ಕು ಅಕ್ಷರ ಹೊಡೆದೆ.

ಹನ್ನೊಂದು ಸಾಲು ಉಳಿದವು. 'ಎಲ್ಲ ಮುಗಿಯಿತು' ಅಂದ ಮೇಲೂ ಹನ್ನೊಂದು!

ಅದರಲ್ಲಿ ಏಳು ಹಳದಿ. ಆಟೋರನ್ಸ್‌ನಲ್ಲಿ ಹಳದಿ ಅಂದರೆ ದಾಖಲೆ ಇದೆ, ಅದು ತೋರಿಸುವ ಫೈಲ್ ಇಲ್ಲ. ದಿನಾ ರಾತ್ರಿ ಅಪ್‌ಡೇಟ್ ತರಲು ಏಳುತ್ತಿದ್ದ ಎರಡು ಶೆಡ್ಯೂಲ್ಡ್ ಟಾಸ್ಕ್, ಸತ್ತ ಎರಡು ಸರ್ವೀಸ್, ಎಕ್ಸ್‌ಪ್ಲೋರರ್ ಟ್ಯಾಬ್‌ನಲ್ಲಿ ಮೂರು. ಆ ಮೂರೇ ನನ್ನ ರೈಟ್ ಕ್ಲಿಕ್‌ನ ಕಳ್ಳರು. ಟಿಕ್ ತೆಗೆದೆ, ಲಾಗ್ ಔಟ್ ಆಗಿ ಮತ್ತೆ ಬಂದೆ. ಮೆನು ಚಕ್ಕನೆ ಬಿಚ್ಚಿತು. ಆ ಕ್ಷಣಕ್ಕೇ ನಾನು ಈ ಸಾಧನಕ್ಕೆ ಒಲಿದೆ.

ಆ ಟಿಕ್ ವ್ಯವಸ್ಥೆಯೇ ಇದರ ದೊಡ್ಡ ಗುಣ. ಟಿಕ್ ತೆಗೆದರೆ ಆ ಸಾಲು ಏಳುವುದಿಲ್ಲ, ಆದರೆ ಅಳಿಯುವುದೂ ಇಲ್ಲ. ಪಕ್ಕಕ್ಕೆ ಎತ್ತಿಡುತ್ತದೆ. ಏನಾದರೂ ಎಡವಟ್ಟಾದರೆ ಮತ್ತೆ ಟಿಕ್ ಹಾಕಿ. ಒಂದೆರಡು ದಿನ ಎಲ್ಲ ಸರಿಯಾಗಿ ನಡೆದ ಮೇಲೆ ಡಿಲೀಟ್ ಕೊಡಿ. ಶುರು ಮಾಡುವ ಮೊದಲು ಫೈಲ್ ಮೆನುವಿನಲ್ಲಿ ಸೇವ್ ಕೊಟ್ಟರೆ ಇಡೀ ಪಟ್ಟಿ ಒಂದು ಫೈಲ್ ಆಗಿ ಉಳಿಯುತ್ತದೆ, ಆಮೇಲೆ ಕಂಪೇರ್ ಕೊಟ್ಟು ಏನು ಬದಲಾಯಿತು ಅಂತ ನೋಡಬಹುದು. ರಿಜಿಸ್ಟ್ರಿ ಕ್ಲೀನರ್‌ಗಳ ಹಾಗೆ 'ನಿಮ್ಮಲ್ಲಿ 843 ದೋಷ ಇವೆ' ಅಂತ ಹೆದರಿಸುವುದಿಲ್ಲ. ಸಲಹೆಯನ್ನೇ ಕೊಡುವುದಿಲ್ಲ. ಸಾಲಿನ ಮೇಲೆ ಬಲಗುಂಡಿ ಒತ್ತಿ 'ಜಂಪ್ ಟು ಎಂಟ್ರಿ' ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿ ಅದು ಇರುವ ಜಾಗಕ್ಕೇ ಕರೆದುಕೊಂಡು ಹೋಗಿ ನಿಲ್ಲಿಸುತ್ತದೆ, ಅಷ್ಟೆ.

ಬಣ್ಣ ನೋಡಿ ಮೋಸ ಹೋಗಬೇಡಿ. ಹಳದಿ ಎಲ್ಲವೂ ಕಸ ಅಲ್ಲ, ಗುಲಾಬಿ ಎಲ್ಲವೂ ಕಳ್ಳ ಅಲ್ಲ. ತಯಾರಕರ ಸಹಿ ಇಲ್ಲದಿದ್ದರೆ ಗುಲಾಬಿ ಬಣ್ಣ ಬರುತ್ತದೆ. ಹಳೇ ಸಣ್ಣಪುಟ್ಟ ಸಾಫ್ಟ್‌ವೇರ್‌ಗಳಿಗೆ ಸಹಿ ಇಲ್ಲದಿರುವುದು ಮಾಮೂಲು. ನಾನು ಹೆಸರು ನೋಡಿ ಗುರುತು ಸಿಕ್ಕಿದ್ದನ್ನು ಮಾತ್ರ ಮುಟ್ಟಿದೆ.

ಉಳಿದ ನಾಲ್ಕು ಡ್ರೈವರ್‌ಗಳು, ಅಂದರೆ ವಿಂಡೋಸ್‌ನ ಒಳಗೇ ಸೇರಿಕೊಂಡು ಓಡುವ ಸಣ್ಣ ಪ್ರೋಗ್ರಾಂಗಳು. ಹಳದಿ ಅಲ್ಲ, ಫೈಲ್ ಸಮೇತ ಸಿಸ್ಟಮ್32ರ ಡ್ರೈವರ್ಸ್ ಫೋಲ್ಡರ್‌ನಲ್ಲಿ ಜೀವಂತವಾಗಿದ್ದವು. ಇಲ್ಲೇ ನಾನು ಬಿದ್ದದ್ದು.

ನೀವು ಒಂದು ಫೈಲ್ ತೆರೆದರೆ ಆ ಕೋರಿಕೆ ನೇರ ಡಿಸ್ಕಿಗೆ ಹೋಗುವುದಿಲ್ಲ. ನಡುವೆ ಚೆಕ್‌ಪೋಸ್ಟ್‌ಗಳಿವೆ. ಅವೇ ಫಿಲ್ಟರ್ ಡ್ರೈವರ್‌ಗಳು. ಯಾವುದು ಮೇಲೆ, ಯಾವುದು ಕೆಳಗೆ ಅಂತ ತಿಳಿಯಲು ಪ್ರತಿಯೊಂದಕ್ಕೂ ಮೈಕ್ರೋಸಾಫ್ಟ್ ಒಂದು ನಂಬರ್ ಕೊಡುತ್ತದೆ. ಆಂಟಿವೈರಸ್‌ಗಳಿಗೆ ಮೀಸಲಾದ ಸಾಲು 320000ದಿಂದ ಶುರು. ಡಿಫೆಂಡರ್‌ನದು 328010. ಫೈಲ್‌ಗೆ ಮಾತ್ರವಲ್ಲ, ನೆಟ್‌ವರ್ಕ್‌ಗೂ ಇಂಥ ಫಿಲ್ಟರ್ ಇರುತ್ತದೆ. ಪಾಸ್‌ವರ್ಡ್ ಕದಿಯದಂತೆ ಕಾಯಲು ಕೆಲವರು ಕೀಬೋರ್ಡಿಗೂ ಒಂದು ಹಾಕುತ್ತಾರೆ. ಇವು ವಿಂಡೋಸ್‌ನ ಹೊಟ್ಟೆಯೊಳಗೆ ಇರುವುದರಿಂದ ಇಲ್ಲಿ ತಪ್ಪಾದರೆ ಇಡೀ ಕಂಪ್ಯೂಟರ್ ಮಲಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪ್ಯೂಟರ್ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತಿದ್ದು ನೆನಪಿದೆಯಲ್ಲ? ವಿಮಾನ ನಿಲ್ದಾಣದಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಆಗ ಅಪ್ಪಣೆಯಾದ ಮದ್ದೂ ಇದೇ: ಸೇಫ್ ಮೋಡ್‌ಗೆ ಹೋಗಿ, ಇದೇ ಡ್ರೈವರ್ಸ್ ಫೋಲ್ಡರ್‌ನೊಳಗಿನ ಒಂದು ಫೈಲ್ ಅಳಿಸಿ.

ಇಷ್ಟೆಲ್ಲ ಓದಿಕೊಂಡಿದ್ದವಳು ರಾತ್ರಿ ಹನ್ನೊಂದೂವರೆಗೆ, ನಿದ್ದೆಗಣ್ಣಲ್ಲಿ, ಸೇಫ್ ಮೋಡ್‌ನಲ್ಲಿ ಕೂತು ನಾಲ್ಕೂ ಸಾಲಿಗೆ ಡಿಲೀಟ್ ಕೊಟ್ಟೆ. ಟಿಕ್ ತೆಗೆದು ನೋಡುವ ತಾಳ್ಮೆ ಇರಲಿಲ್ಲ. ನಾಲ್ಕು ಡ್ರೈವರ್ ಫೈಲ್‌ಗಳನ್ನೂ ಕೈಯಾರೆ ಅಳಿಸಿ, ರೀಸೈಕಲ್ ಬಿನ್ನೂ ಖಾಲಿ ಮಾಡಿ ರೀಸ್ಟಾರ್ಟ್ ಒತ್ತಿದೆ.

ಪಾಸ್‌ವರ್ಡ್ ಕೇಳುವ ಪರದೆ ಬಂತು. ಹೊಡೆದೆ. ಏನೂ ಬೀಳಲಿಲ್ಲ. ಕೀಬೋರ್ಡಿನ ವೈರ್ ಕಿತ್ತು ಬೇರೆ ಕಡೆ ಚುಚ್ಚಿದೆ. ಇಲ್ಲ. ಪಕ್ಕದ ಕಂಪ್ಯೂಟರ್‌ನ ಕೀಬೋರ್ಡ್ ತಂದೆ. ಅದೂ ಇಲ್ಲ. ಕ್ಯಾಪ್ಸ್ ಲಾಕ್ ದೀಪ ಕೂಡ ಹತ್ತಲಿಲ್ಲ. ಮೌಸ್ ಮಾತ್ರ ಓಡಾಡುತ್ತಿತ್ತು, ಅದೊಂದು ಪುಣ್ಯ. ಕೆಳಗೆ ಬಲಮೂಲೆಯಲ್ಲಿ ಕೈಕಾಲು ಚಾಚಿದ ಮನುಷ್ಯನ ಚಿತ್ರ ಇದೆಯಲ್ಲ, ಅದನ್ನು ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ. ಒಂದೊಂದೇ ಅಕ್ಷರ ಮೌಸ್‌ನಲ್ಲಿ ಒತ್ತಿ ಒಳಗೆ ಹೋದೆ. ಮಗ್ಗಿ ಕಲಿಯುವ ಮಗುವಿನ ಹಾಗೆ.

ಆಗಿದ್ದು ಇಷ್ಟು. ಆ ನಾಲ್ಕರಲ್ಲಿ ಒಂದು ಕೀಬೋರ್ಡ್ ಫಿಲ್ಟರ್. ಡ್ರೈವರನ್ನು ಅಳಿಸಿದ್ದೆ. ಆದರೆ ರಿಜಿಸ್ಟ್ರಿಯಲ್ಲಿ ಕೀಬೋರ್ಡ್‌ಗಳಿಗೆಲ್ಲ ಸೇರಿದ ಒಂದು ಜಾಗದಲ್ಲಿ, ಅಪ್ಪರ್‌ಫಿಲ್ಟರ್ಸ್ ಎಂಬ ಸಾಲಿನಲ್ಲಿ, ಅದರ ಹೆಸರು ಹಾಗೇ ಇತ್ತು. ವಿಂಡೋಸ್ ಆ ಹೆಸರಿನವನನ್ನು ಕರೆಯುತ್ತದೆ, ಅವನಿಲ್ಲ, ಹಾಗಾಗಿ ಕೀಬೋರ್ಡನ್ನೇ ಏಳಿಸುವುದಿಲ್ಲ. ಮೊಬೈಲ್‌ನಲ್ಲಿ ಹುಡುಕಿ, ರಿಜಿಸ್ಟ್ರಿ ಎಡಿಟರ್‌ನಲ್ಲಿ ಕರೆಂಟ್‌ಕಂಟ್ರೋಲ್‌ಸೆಟ್, ಕಂಟ್ರೋಲ್, ಕ್ಲಾಸ್ ದಾಟಿ, 4ಡಿ36ಇ96ಬಿ ಅಂತ ಶುರುವಾಗುವ ಉದ್ದದ ಹೆಸರಿನ ಕಡೆ ಬಂದೆ. ಅಪ್ಪರ್‌ಫಿಲ್ಟರ್ಸ್ ತೆರೆದರೆ ಎರಡು ಸಾಲು. ಮೇಲೆ ಆಂಟಿವೈರಸ್‌ನದು, ಕೆಳಗೆ ಕೆಬಿಡಿಕ್ಲಾಸ್. ಮೇಲಿನದನ್ನು ಮಾತ್ರ ಅಳಿಸಿದೆ. ಕೆಬಿಡಿಕ್ಲಾಸ್ ವಿಂಡೋಸ್‌ನ ಸ್ವಂತದ್ದು, ಅದು ಹೋದರೆ ಕೀಬೋರ್ಡ್ ಮತ್ತೆ ಸಾಯುತ್ತದೆ. ರೀಸ್ಟಾರ್ಟ್. ಕ್ಯಾಪ್ಸ್ ಲಾಕ್ ದೀಪ ಹತ್ತಿತು. ಗಂಟೆ ಒಂದೂಕಾಲು.

ಇದರಲ್ಲಿ ಆಟೋರನ್ಸ್‌ನ ತಪ್ಪು ಹುಡುಕಲಾರೆ. ಟಿಕ್ ಮಾತ್ರ ತೆಗೆದಿದ್ದರೂ ಕೀಬೋರ್ಡ್ ಸಾಯುತ್ತಿತ್ತು ನಿಜ, ಆದರೆ ಮೌಸ್‌ನಲ್ಲೇ ಒಂದು ಟಿಕ್ ಹಾಕಿ ಐದು ನಿಮಿಷದಲ್ಲಿ ಬದುಕಿಸಬಹುದಿತ್ತು. ಮಾಡಿದ್ದುಣ್ಣೋ ಮಹಾರಾಯ. ಸಮಾಧಾನಕ್ಕೆ ಒಂದು ಸಂಗತಿ ಸಿಕ್ಕಿತು. 2005ರಲ್ಲಿ ಇದೇ ರುಸಿನೋವಿಚ್, ಸೋನಿ ಬಿಎಂಜಿಯ ಸಂಗೀತ ಸಿಡಿಯೊಂದು ತಮ್ಮ ಕಂಪ್ಯೂಟರ್‌ನಲ್ಲಿ ಗುಟ್ಟಾಗಿ ಬಚ್ಚಿಟ್ಟಿದ್ದ ಡ್ರೈವರ್‌ಗಳನ್ನು ಪತ್ತೆಮಾಡಿ ಕೈಯಾರೆ ಕಿತ್ತರು. ಅವರ ಸಿಡಿ ಡ್ರೈವೇ ಮಾಯವಾಯಿತು! ಕಾರಣ ಇದೇ ಫಿಲ್ಟರ್ ಸಾಲು. ಆಟೋರನ್ಸ್ ಬರೆದವರಿಗೇ ಹಾಗಾಗಿದೆ ಅಂದ ಮೇಲೆ ನನ್ನದೇನು.

ಕೊನೆಗೆ ಪರೀಕ್ಷೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಫ್, ಎಲ್, ಟಿ, ಎಂ, ಸಿ ಎಂಬ ಐದು ಅಕ್ಷರ ಹೊಡೆದು ಎಂಟರ್ ಒತ್ತಿದರೆ ಈಗ ಯಾವ ಯಾವ ಫೈಲ್ ಫಿಲ್ಟರ್ ಓಡುತ್ತಿದೆ ಅಂತ ನಂಬರ್ ಸಮೇತ ಬರುತ್ತದೆ. 320000ರ ಸಾಲಿನಲ್ಲಿ ಡಿಫೆಂಡರ್ ಒಂದೇ ಇತ್ತು. ಆಟೋರನ್ಸ್‌ನಲ್ಲಿ ಅದೇ ನಾಲ್ಕು ಅಕ್ಷರ ಹೊಡೆದೆ, ಪಟ್ಟಿ ಖಾಲಿ. ನೆಟ್‌ವರ್ಕ್ ಕನೆಕ್ಷನ್‌ನ ಪ್ರಾಪರ್ಟೀಸ್‌ನಲ್ಲೂ ಹಳೇ ಫಿಲ್ಟರ್ ಇರಲಿಲ್ಲ. ಆನ್ ಆಗಲು ಮೊದಲು ಒಂದೂಮುಕ್ಕಾಲು ನಿಮಿಷ ಬೇಕಿತ್ತು, ಈಗ ಅರ್ಧ ನಿಮಿಷ. ಗೋಡೆ ಗಡಿಯಾರ ನೋಡಿ ಹೇಳುತ್ತಿದ್ದೇನೆ, ಒಂದೆರಡು ಸೆಕೆಂಡ್ ಆಚೀಚೆ ಇರಬಹುದು.

ಯಾರಿಗೆ ಆಟೋರನ್ಸ್ ಬೇಡ ಅಂತಲೂ ಹೇಳಬೇಕು. ಪೂರ್ತಿ ಇಂಗ್ಲಿಷ್‌ನಲ್ಲಿದೆ. ಅಕ್ಷರ ಸಣ್ಣ, ಆಪ್ಷನ್ಸ್‌ನಲ್ಲಿ ಫಾಂಟ್ ದೊಡ್ಡದು ಮಾಡಿಕೊಳ್ಳಬಹುದು. ಸುಮ್ನೆ ಫೋಲ್ಡರ್ ಒಂದು ಉಳಿದಿದೆ, ಬೇರೆ ತೊಂದರೆ ಇಲ್ಲ ಅನ್ನುವವರಿಗೆ ಕಂಪನಿಯ ಪ್ರೋಗ್ರಾಂ ಸಾಕು, ಇದರ ತಂಟೆಗೆ ಬರಬೇಡಿ. ಆಫೀಸಿನ ಲ್ಯಾಪ್‌ಟಾಪ್ ಆದರೆ ಕೈ ಹಾಕಲೇಬೇಡಿ, ಅಲ್ಲಿನ ಐಟಿಯವರಿಗೆ ಹೇಳಿ. ನನ್ನ ಹಾಗೆ ಫಾರ್ಮ್ಯಾಟ್ ಮಾಡಲಾಗದವರಿಗೆ, ಒಂದೊಂದೇ ಸಾಲು ಓದುವ ತಾಳ್ಮೆ ಇರುವವರಿಗೆ ಇದಕ್ಕಿಂತ ಒಳ್ಳೆಯದು ಪುಕ್ಕಟೆಯಲ್ಲಿ ನಾನು ಕಂಡಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಡ್ರೈವರ್ ಸಾಲಿನ ಮೇಲೆ ಡಿಲೀಟ್ ಒತ್ತಿದಾಗ ಇನ್ನೊಂದು ಸಲ ಗಟ್ಟಿಯಾಗಿ ಬೈದಿದ್ದರೆ ಐದೂ ಕೊಡುತ್ತಿದ್ದೆ.

ಎರಡನೇ ಕಂಪ್ಯೂಟರ್‌ನ ಲೈಸೆನ್ಸ್ ಮುಂದಿನ ತಿಂಗಳು ಮುಗಿಯುತ್ತದೆ. ಕ್ವಾರಂಟೈನ್ ಈಗಾಗಲೇ ಖಾಲಿ ಮಾಡಿದ್ದೇನೆ. ರಿಕವರಿ ಕೀ ಬರೆದು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಹೆಚ್ಚಿಗೆ ಒಂದು ಮೌಸ್ ಕೂಡ ತಂದಿಟ್ಟಿದ್ದೇನೆ.